ಕಂಬಳಿಯ ಕೆಳಗಿನ ಕೈ

ಜಗಳೂರು
8-3-1938

ಅಪ್ಪನವರಿಗೆ ಕಸ್ತೂರಿಯ ನಮಸ್ಕಾರಗಳು.

ಗಾಬರಿಯಾಗಬೇಡಿ, ಅವ್ವನಿಗೆ ಓದಿ ಹೇಳುವ ಮುಂಚೆ ನೀವೊಬ್ಬರೇ ಒಮ್ಮೆ ಓದಿಕೊಳ್ಳಿ. ನಿಮ್ಮ ಅಳಿಯಂದಿರು ಬಿಳಿಚೋಡಿನಿಂದ ಕಂಬಳಿ ಹೇರಿಕೊಂಡು ಬರುವಾಗ ಗಾಡಿಯಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದಾರೆ. ಎತ್ತು ಬೆದರಲಿಲ್ಲ, ಅಚ್ಚು ಮುರಿಯಲಿಲ್ಲ. ಬಿಸಿಲಲ್ಲಿ ನಡೆದು ಹೋಗುತ್ತಿದ್ದ ಮುದುಕಿಯೊಬ್ಬಳಿಗೆ ತಮ್ಮ ಜಾಗ ಬಿಟ್ಟುಕೊಟ್ಟು ಇವರು ಮೂಟೆಯ ಮೇಲೆ ಹತ್ತಿ ಕುಳಿತಿದ್ದರಂತೆ. ಮುದುಕಿ ಸುಖವಾಗಿ ಊರು ಸೇರಿದಳು. ಇವರಿಗೆ ಬಿದಿರು ದಬ್ಬೆ ಕಟ್ಟಿದ್ದಾರೆ, ಮಳೆಗಾಲದವರೆಗೂ ಮಂಚ ಬಿಟ್ಟು ಏಳುವಂತಿಲ್ಲ.

ಅಂಗಡಿಯಲ್ಲಿ ಇನ್ನು ನಾನು ಕೂರುತ್ತೇನೆ. ಬೇರೆ ದಾರಿಯಿಲ್ಲ. ಬಿಳಿಚೋಡಿನ ದುರುಗಪ್ಪ ಮತ್ತು ಅವನ ಕಡೆಯ ಕಂಬಳಿ ನೇಯುವವರು ನಮ್ಮನ್ನು ನಂಬಿ ಮಾಲು ಕೊಟ್ಟಿದ್ದಾರೆ. ಮಾರಿದ ಮೇಲೆ ಹಣ ಕೊಡುವುದು ನಮ್ಮ ಮಾವನವರ ಕಾಲದಿಂದ ನಡೆದು ಬಂದ ಪದ್ಧತಿ. ಕಾರಹುಣ್ಣಿಮೆಯೊಳಗೆ ಅವರ ಕೈಗೆ ಹಣ ಸೇರದಿದ್ದರೆ ಮುಂದಿನ ವರ್ಷ ಅವರೆಲ್ಲ ದಾವಣಗೆರೆಯ ಸಾಹುಕಾರನೊಬ್ಬನ ಕಡೆ ಹೋಗುತ್ತಾರೆ. ಆಮೇಲೆ ನಮಗೆ ಅಂಗಡಿ ಇರುತ್ತದೆ, ಮಾಲು ಇರುವುದಿಲ್ಲ.

ಒಂದೇ ತೊಡಕು. ಇಲ್ಲಿ ಕಂಬಳಿಯ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ನಿಮ್ಮ ಅಡಿಕೆ ಮಂಡಿಯಲ್ಲಿ ಮಾಡುವಂತೆಯೇ ಹೆಗಲ ಮೇಲಿನ ವಲ್ಲಿಯ ಕೆಳಗೆ ಕೈ ಹಿಡಿದು ಬೆರಳು ಒತ್ತಿಯೇ ಹೇಳಬೇಕು. ಸಂತೆಯ ದರದ ಮೇಲೆ ಒಂದು ಬೆರಳಿಗೆ ಒಂದಾಣೆ. ಬೆರಳಿನ ಭಾಷೆ ನನಗೆ ಬರುತ್ತದೆ. ನಾನು ಎಣಿಸಲು ಕಲಿತದ್ದೇ ನಿಮ್ಮ ವಲ್ಲಿಯ ಕೆಳಗಲ್ಲವೇ? ನೀವು ಬೆರಳು ಒತ್ತುತ್ತಿದ್ದಿರಿ, ನಾನು ಕೂಗಿ ಹೇಳುತ್ತಿದ್ದೆ. ಆಟ ಸಾಕೆನಿಸಿದಾಗ ಹೆಬ್ಬೆರಳಿನಿಂದ ಅಂಗೈಯನ್ನು ಎರಡು ಸಲ ತಟ್ಟಿ, "ಇದೇ ಕೊನೆ ಬೆಲೆ, ಓಡು" ಎನ್ನುತ್ತಿದ್ದಿರಿ. ಆದರೆ ಪರಗಂಡಸಿನ ಕೈ ನಾನು ಹೇಗೆ ಹಿಡಿಯಲಿ?

ವ್ಯಾಪಾರದ ಗುಟ್ಟುಗಳನ್ನು ಬರೆದು ಕಳಿಸಿ. ಗುಮಾಸ್ತರಿಗೆ ನೀವು ಹೇಳಿಕೊಡುವಾಗ ಬಾಗಿಲ ಹಿಂದೆ ನಿಂತು ಅರ್ಧ ಕೇಳಿದ್ದೇನೆ. ಉಳಿದರ್ಧ ಬೇಕು.

ನಿಮ್ಮ ಮಗಳು
ಕಸ್ತೂರಮ್ಮ


ಚನ್ನಗಿರಿ
17-3-1938

ಚಿರಂಜೀವಿ ಕಸ್ತೂರಿಗೆ,

ಕಾಗದ ತಲುಪಿತು. ನಿಮ್ಮವ್ವನಿಗೆ ಓದಿ ಹೇಳಿದೆ. ಅತ್ತಳು, ಆಮೇಲೆ ಆ ಮುದುಕಿಯನ್ನು ಬೈದಳು.

ಇಬ್ಬರೂ ಇಲ್ಲಿಗೆ ಬಂದುಬಿಡಿ. ಅಳಿಯಂದಿರು ಬಸವರಾಜಪ್ಪನವರ ಅಕ್ಷರ ಮುತ್ತಿನಂತಿದೆ, ಕೂತಲ್ಲೇ ಮಂಡಿಯ ಲೆಕ್ಕ ಬರೆಯಬಹುದು. ಮನೆ ದೊಡ್ಡದಿದೆ. ಹೀಗೆ ಬರೆದರೆ ನೀನು ಮುಖ ಊದಿಸುತ್ತೀಯೆಂದು ಗೊತ್ತು. ಮನೆ ಅಳಿಯ ಎನಿಸಿಕೊಳ್ಳಲು ಅವರಿಗೂ ಇಷ್ಟವಿರಲಿಕ್ಕಿಲ್ಲ. ಆದರೂ ಹೇಳುವುದು ನನ್ನ ಧರ್ಮ, ಹೇಳಿದ್ದೇನೆ.

ಇನ್ನು ನೀನು ಕೇಳಿದ್ದು. ಬೆಲೆಯನ್ನು ನೀನಾಗಿ ಮೊದಲು ಎತ್ತಬೇಡ. ಬಾಯಲ್ಲಿ ಎಲೆ ಅಡಿಕೆ ಇರಲಿ, ಎಲೆ ಅಡಿಕೆ ಹಾಕಿಕೊಂಡವರು ಉತ್ತರ ಕೊಡದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸುಮ್ಮನಿರುವವರ ಎದುರು ಕೊಳ್ಳುವವನಿಗೆ ಚಡಪಡಿಕೆಯಾಗಿ ತಾನೇ ಏರುತ್ತಾನೆ. ಅವನು ಮಾಲಿನಲ್ಲಿ ಕುಂದು ಹುಡುಕಿದರೆ ಸಂತೋಷಪಡು. ಬೇಡದ ಮಾಲನ್ನು ಯಾರೂ ಅಷ್ಟು ತಿರುವಿ ನೋಡುವುದಿಲ್ಲ. ವಾದಿಸದೆ ಹೌದು ಎಂದುಬಿಡು, ಅವನ ಬಾಯಿ ಕಟ್ಟುತ್ತದೆ. ಹೊರಟು ನಿಂತರೆ ಮುಖ ನೋಡಬೇಡ, ಚಪ್ಪಲಿ ನೋಡು. ಚಪ್ಪಲಿ ಮೆಟ್ಟಲು ತಡ ಮಾಡಿದರೆ ತಿರುಗಿ ಬರುತ್ತಾನೆ. ಮತ್ತೊಂದು ಮಾತು: ಮೊದಲ ಸಲಕ್ಕೇ ಕೈತುಂಬ ಕೊಡುವವನನ್ನು ನಂಬಬೇಡ. ಅವನಿಗೆ ಮಾಲು ಗೊತ್ತಿಲ್ಲ, ಇಲ್ಲವೇ ಅವನು ನಿನ್ನ ನೆಂಟ.

ಬೆರಳಿನ ವ್ಯಾಪಾರದ ಗೊಡವೆಗೆ ಹೋಗಬೇಡ. ಅದು ಹೆಂಗಸರಿಗೆ ಆಗುವುದಲ್ಲ. ಬಾಯಿಬಿಟ್ಟು ಬೆಲೆ ಹೇಳಿದರೂ ಕೆಟ್ಟೆ, ಒಬ್ಬನಿಗೆ ಹೇಳಿದ್ದು ಇಡೀ ಸಂತೆಗೆ ಹೇಳಿದಂತೆ. ಅದಕ್ಕೇ ಬಂದುಬಿಡಿ ಎಂದದ್ದು.

ನಿನ್ನ ತಂದೆ
ಮಹೇಶ್ವರಪ್ಪ


ಜಗಳೂರು
4-4-1938

ಅಪ್ಪನವರಿಗೆ,

ನಿಮ್ಮ ವಿದ್ಯೆಯನ್ನೆಲ್ಲ ಪ್ರಯೋಗ ಮಾಡಿದೆ. ಫಲಿತಾಂಶ ಕೇಳಿ.

ಹರಿಹರದ ಕಡೆಯವರೊಬ್ಬರು ಬಂದರು. ನಾನು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಕುಳಿತೆ. ಅವರಿಗೂ ಯಾರೋ ಇದೇ ವಿದ್ಯೆ ಕಲಿಸಿದ್ದರೆಂದು ಕಾಣುತ್ತದೆ, ಸಂಚಿ ಬಿಚ್ಚಿ ಅವರೂ ಹಾಕಿಕೊಂಡರು. ಇಬ್ಬರೂ ಜಗಿಯುತ್ತ ಒಬ್ಬರನ್ನೊಬ್ಬರು ನೋಡುತ್ತ ಕುಳಿತೆವು. ಕೊನೆಗೆ ಅವರು ಉಗುಳಲು ಹೊರಗೆ ಹೋದಾಗ ಪಕ್ಕದ ಅಂಗಡಿಯವನು ಕರೆದು ಕೂರಿಸಿಕೊಂಡ.

ಎರಡನೆಯವನು ಕಂಬಳಿಯ ಅಂಚು ಎಳೆದು, "ನೇಯ್ಗೆ ಸಡ್ಲ ಐತಲ್ರೀ" ಎಂದ. ನೀವು ಹೇಳಿಕೊಟ್ಟಂತೆ ನಾನು, "ಹೌದ್ರೀ, ಸಡ್ಲ ಐತೆ" ಎಂದೆ. ಅದನ್ನು ನೇಯ್ದ ದುರುಗಪ್ಪ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. "ಏನಂದ್ರಿ ತಾಯಿ? ನನ್ ಕಂಬ್ಳಿ ಸಡ್ಲ? ಇದ್ರಾಗೆ ನೀರು ಹಿಡಕಂಡು ಹೋಗಬೌದು!" ಎಂದು ಸಿಟ್ಟಾಗಿ ಹಳ್ಳಕ್ಕೆ ಹೋಗಿ ನಿಜವಾಗಿ ಕಂಬಳಿಯಲ್ಲಿ ನೀರು ತುಂಬಿಕೊಂಡು ಬಂದ. ಸೋರಲಿಲ್ಲ, ತುಳುಕಿ ಅಂಗಡಿಯೆಲ್ಲ ಒದ್ದೆ. ಕೊಳ್ಳುವವನು ಜಾಗ ಖಾಲಿ ಮಾಡಿದ. ಅವನ ಚಪ್ಪಲಿ ನೋಡೋಣವೆಂದರೆ ಅವನು ಬರಿಗಾಲಲ್ಲಿ ಬಂದಿದ್ದ.

ಮೂರನೆಯವನು ದಾವಣಗೆರೆ ಸಾಹುಕಾರನ ಗುಮಾಸ್ತ. ಅವನು ನೆಲಕಚ್ಚಿದ ಬೆಲೆಗೆ ಎಲ್ಲ ಮಾಲನ್ನೂ ಕೇಳಿದ. ನಾನು ಗೋಡೆ ನೋಡುತ್ತ ಬಿಗಿಯಾಗಿ ಕುಳಿತಿದ್ದೆ. ಅವನೂ ಚಡಪಡಿಸುತ್ತಿದ್ದ, ಇನ್ನೇನು ಏರಬೇಕು. ಅಷ್ಟರಲ್ಲಿ ನಡುಮನೆಯ ಮಂಚದಿಂದ ನಿಮ್ಮ ಅಳಿಯಂದಿರು, "ಕೊಟ್ಬಿಡು ಕಸ್ತೂರಿ, ಪಾಪ, ಬಿಸ್ಲಾಗೆ ಬಂದಾರೆ" ಎಂದರು. ಅವತ್ತು ರಾತ್ರಿ ಅವರ ಮಜ್ಜಿಗೆಗೆ ನಾನು ಉಪ್ಪು ಹಾಕಲಿಲ್ಲ.

ಕೊಡಲಿಲ್ಲ, ಬಿಡಿ. ಆದರೆ ಮಾಲೆಲ್ಲ ಹಾಗೇ ಇದೆ. ನಾವು ಚನ್ನಗಿರಿಗೆ ಬರುವುದಿಲ್ಲ ಎಂದೂ ಬರೆಯುತ್ತಿದ್ದೇನೆ. ನನಗೆ ಈ ಅಂಗಡಿಯಲ್ಲಿ ಕೂರುವುದು ಹಿಡಿಸಿದೆ ಅಪ್ಪ. ಬೆಳಿಗ್ಗೆ ಬಾಗಿಲು ತೆಗೆದಾಗ ಬರುವ ಉಣ್ಣೆಯ ವಾಸನೆ ಕೂಡ.

ಕಸ್ತೂರಮ್ಮ


ಚನ್ನಗಿರಿ
12-4-1938

ಚಿ. ಕಸ್ತೂರಿಗೆ,

ನಿನ್ನ ಕಾಗದ ಮಂಡಿಯಲ್ಲಿ ಒಡೆದು ಓದಿದ್ದು ತಪ್ಪಾಯಿತು. ನೀರು ತುಂಬಿದ ಕಂಬಳಿಯ ಜಾಗಕ್ಕೆ ಬಂದಾಗ ನನಗೆ ಕೆಮ್ಮು ಹತ್ತಿತು. ಗುಮಾಸ್ತರು ನೀರು ತಂದರು. ನಾನು ನಕ್ಕೆನೆಂದು ಅವರಲ್ಲೊಬ್ಬ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ, ಅದು ಸುಳ್ಳು.

ಅಳಿಯಂದಿರ ಮನಸ್ಸು ಬಹಳ ಒಳ್ಳೆಯದು. ಅದು ಅಂಗಡಿಯಲ್ಲಿ ಇಡುವ ವಸ್ತುವಲ್ಲ. ವ್ಯಾಪಾರ ನಡೆಯುವಾಗ ಅವರ ಮಂಚವನ್ನು ಹಿತ್ತಲ ಕಡೆಗೆ ಎಳೆಸು.

ಬೆರಳಿನ ವಿಷಯಕ್ಕೆ ನನಗೂ ದಾರಿ ಹೊಳೆಯಲಿಲ್ಲ. ಹೊಳೆಯದ್ದನ್ನು ಹೊಳೆಯಿತೆಂದು ಬರೆಯಲಾರೆ.

ಮಹೇಶ್ವರಪ್ಪ


ಜಗಳೂರು
9-5-1938

ಅಪ್ಪನವರಿಗೆ,

ಮಂಚವನ್ನು ಹಿತ್ತಲಿಗೆ ಎಳೆಸಲಿಲ್ಲ. ಅಂಗಡಿಯೊಳಕ್ಕೇ ಎಳೆಸಿದೆ! ಈಗ ನಿಮ್ಮ ಅಳಿಯಂದಿರು ಮಹಾರಾಜರಂತೆ ಮಂಚದ ಮೇಲೆ ದಿಂಬಿಗೆ ಒರಗಿ ಕೂರುತ್ತಾರೆ. ದಬ್ಬೆ ಕಟ್ಟಿದ ಕಾಲು ಕಾಣದಿರಲೆಂದು ಮಡಿಲ ಮೇಲೆ ಒಂದು ಕರಿ ಕಂಬಳಿ. ಕೊಳ್ಳುವವನು ಪಕ್ಕದಲ್ಲಿ ಕುಳಿತು ಕಂಬಳಿಯ ಕೆಳಗೆ ಇವರ ಬಲಗೈ ಹಿಡಿಯುತ್ತಾನೆ. ನಾನು ಮಂಚದ ತಲೆಯ ಕಡೆ ಸೆರಗು ಹೊದ್ದು ಬೀಸಣಿಗೆ ಬೀಸುತ್ತ ನಿಂತಿರುತ್ತೇನೆ. ಕಾಯಿಲೆಯವರ ಹೆಂಡತಿ ಪಕ್ಕದಲ್ಲಿ ನಿಂತರೆ ಯಾರು ಏನೆಂದಾರು? ಅದೇ ಕಂಬಳಿಯ ಇನ್ನೊಂದು ತುದಿಯ ಕೆಳಗೆ ಇವರ ಎಡಗೈ ನನ್ನ ಕೈಯಲ್ಲಿರುತ್ತದೆ.

ಅವನು ಎರಡು ಬೆರಳು ಒತ್ತಿದರೆ ಇವರು ನನಗೆ ಎರಡು ಒತ್ತುತ್ತಾರೆ. ನಾನು ನಾಲ್ಕು ಒತ್ತಿದರೆ ಇವರು ಅವನಿಗೆ ನಾಲ್ಕು ಒತ್ತುತ್ತಾರೆ. ನಡುವೆ ಇವರದೇನೂ ಇಲ್ಲ, ತಂತಿ ಕಂಬದ ಕೆಲಸ. "ನನ್ ಕಡಿಂದ ಒಂದು ಬೆಳ್ಳೂ ಇಲ್ಲೇನೇ?" ಎಂದು ಇವರು ಕೇಳಿದರು. ಇಲ್ಲ ಎಂದೆ.

ಮೊದಲ ದಿನ ಪಜೀತಿಯಾಯಿತು. ನಾನು ಒತ್ತಿದಾಗ ಇವರಿಗೆ ಕಚಗುಳಿಯಾಗಿ ಕಿಸಕ್ಕನೆ ನಕ್ಕುಬಿಟ್ಟರು. ತಾನು ಕೇಳಿದ ಬೆಲೆಗೆ ಇವರು ನಗುತ್ತಿದ್ದಾರೆಂದು ತಿಳಿದು ಕೊಳ್ಳುವವನು ನಾಚಿಕೊಂಡು ತಾನೇ ಒಂದು ಬೆರಳು ಏರಿಸಿದ. ಈಗ ಬೇಕಾದಾಗ ನಾನೇ ಕಚಗುಳಿ ಇಡುತ್ತೇನೆ. ನಿಮ್ಮ ವಿದ್ಯೆಯಲ್ಲಿ ಇದು ಇಲ್ಲ, ಸೇರಿಸಿಕೊಳ್ಳಿ.

ಸಂತೆಯಲ್ಲಿ ಮಾತಾಗಿದೆಯಂತೆ, "ಕಾಲು ಮುರದ ಮ್ಯಾಲೆ ಬಸವರಾಜಪ್ಪನ ಕೈ ಬಿಗಿ ಆಗೈತೆ" ಅಂತ. ಇವರು ಮೀಸೆ ತಿರುವುತ್ತ ಕೇಳಿಸಿಕೊಳ್ಳುತ್ತಾರೆ.

ಆದರೂ ಅಪ್ಪ, ಬರುವವರೆಲ್ಲ ಚಿಲ್ಲರೆ ಕೊಳ್ಳುವವರು. ಅಟ್ಟದ ತುಂಬ ಇನ್ನೂ ಮಾಲಿದೆ. ದುರುಗಪ್ಪ ಬಂದು, "ನಾನು ಕಾಯ್ತೀನಿ ತಾಯಿ, ನನ್ ಕಡೆಯೋರು ಕಾರುಣ್ಣಿವಿ ದಾಟಿದ್ರೆ ಕಾಯಲ್ಲ" ಎಂದು ಮೆಲ್ಲಗೆ ಹೇಳಿ ಹೋದ. ಅವನ ಮೆಲ್ಲಗಿನ ಮಾತು ನನಗೆ ಜಾಸ್ತಿ ಹೆದರಿಕೆ ತಂದಿದೆ.

ಕಸ್ತೂರಮ್ಮ


ಚನ್ನಗಿರಿ
15-5-1938

ಚಿ. ಕಸ್ತೂರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಈ ಸಲ ಸಂತೇಬೆನ್ನೂರಿನ ಕಡೆ ಮಾವು ಚೆನ್ನಾಗಿ ಬಂದಿದೆ. ನಿಮ್ಮವ್ವನಿಗೆ ಮೊಣಕಾಲು ನೋವು ಕಡಿಮೆ.

ಅಟ್ಟದಲ್ಲಿ ಇನ್ನೂ ಎಷ್ಟು ಕಂಬಳಿ ಇದೆ? ಸುಮ್ಮನೆ ಕೇಳಿದೆ.

ಮಹೇಶ್ವರಪ್ಪ


ಜಗಳೂರು
8-6-1938

ಅಪ್ಪನವರಿಗೆ,

ಒಂದು ವಿಚಿತ್ರ ನಡೆಯಿತು. ನಿಮಗೆ ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹೊನ್ನಾಳಿಯಿಂದ ಚಿತ್ತಪ್ಪ ಎಂಬ ದಲ್ಲಾಳಿ ಬಂದ. ಒಳ್ಳೆಯ ಮನುಷ್ಯ, ಬೆವರು ಜಾಸ್ತಿ. ಅಟ್ಟದ ಮಾಲಿನಲ್ಲಿ ಒಂದನ್ನೂ ಬಿಚ್ಚಿ ನೋಡಲಿಲ್ಲ, ಮೂಸಲಿಲ್ಲ, ಅಂಚು ಎಳೆಯಲಿಲ್ಲ. ನೇರ ಬಂದು ಕಂಬಳಿಯ ಕೆಳಗೆ ಕೈ ಹಾಕಿದವನೇ ಐದೂ ಬೆರಳು ಹಿಡಿದ. ಇವರು ನನ್ನ ಐದೂ ಬೆರಳು ಹಿಡಿದರು. ನಾನು ತಪ್ಪು ತಿಳಿದೆನೇನೋ ಎಂದುಕೊಂಡೆ. ಈ ವರ್ಷ ಇಂಥ ಕಂಬಳಿಗೆ ಯಾರು ಎಷ್ಟು ಹೊರಳಾಡಿದರೂ ಮೂರು ಬೆರಳು ಸರಿಯಾದ ಬೆಲೆ. ಮೊದಲ ಸಲಕ್ಕೇ ಕೈತುಂಬ ಕೊಡುವವನ ಬಗ್ಗೆ ನೀವು ಬರೆದದ್ದು ನೆನಪಾಯಿತು. ಇವನಿಗೆ ಮಾಲು ಗೊತ್ತಿಲ್ಲವೋ, ನೆಂಟನೋ?

ನೋಡಿಯೇಬಿಡೋಣವೆಂದು ಮೂರು ಒತ್ತಿದೆ. ಇವರು ನನ್ನ ಮುಖವನ್ನೇ ನೋಡಿದರು. ಸ್ವಂತ ಮಾಲಿನ ಬೆಲೆಯನ್ನು ತಾನೇ ಇಳಿಸುವ ವ್ಯಾಪಾರಿಯನ್ನು ಅವರು ಕಂಡಿರಲಿಲ್ಲ. ಆದರೂ ತಂತಿ ಕಂಬವಲ್ಲವೇ, ಮೂರನ್ನೇ ದಾಟಿಸಿದರು. ಚಿತ್ತಪ್ಪ ಬೆವರು ಒರೆಸಿಕೊಂಡು ಮತ್ತೆ ಐದು ಹಿಡಿದ. ನಾನು ಮತ್ತೆ ಮೂರು. ಆಗ ಅವನು ಐದು ಬೆರಳು ಗಟ್ಟಿಯಾಗಿ ಹಿಡಿದು ಇನ್ನೇನೋ ಮಾಡಿದ. ಇವರು ಅದನ್ನೂ ಹಾಗೆಯೇ ನನ್ನ ಕೈಗೆ ದಾಟಿಸಿದರು. ಹೆಬ್ಬೆರಳಿನಿಂದ ಅಂಗೈಯ ಮೇಲೆ ಎರಡು ತಟ್ಟು.

ಬೀಸಣಿಗೆ ಕೈಯಿಂದ ಬಿತ್ತು ಅಪ್ಪ. ಈ ತಟ್ಟು ಈ ಸೀಮೆಯಲ್ಲಿ ಇನ್ನಾರಿಗೂ ಗೊತ್ತಿಲ್ಲ. ಇದನ್ನು ಕಲಿಯಬೇಕಾದರೆ ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲೇ ಕಲಿಯಬೇಕು.

ನಾನು ಮುಂದೆ ಬಂದು ಬಾಯಿಬಿಟ್ಟೇ ಹೇಳಿದೆ, "ಮೂರೇ ರೀ. ತಗಳ್ಳಂಗಿದ್ರೆ ತಗಳ್ರಿ."

ಆ ಬಡಪಾಯಿ ಕೈ ಮುಗಿದು, "ಅವ್ವಾ, ಐದಕ್ಕಿಂತ ಕಮ್ಮಿಗೆ ತರಬ್ಯಾಡ ಅಂತ ನಮ್ ಸಾವ್ಕಾರ್ರು ಖಂಡಿತ ಹೇಳ್ಯಾರೆ. ಕಮ್ಮಿಗೆ ತಂದ್ರೆ ನನ್ನ ಮಂಡಿ ಮೆಟ್ಲು ಹತ್ತಾಕೆ ಬಿಡಲ್ಲ" ಎಂದ. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ತಿಳಿದು, ಬಾಯಿ ಮುಚ್ಚಿಕೊಂಡ.

ಇವರಿಗೂ ತಿಳಿಯಿತು. ಇವರ ಮುಖ ಸಣ್ಣಗಾಯಿತು. ಆಮೇಲೆ ಇವರೇ ಚಿತ್ತಪ್ಪನ ಕೈ ಎಳೆದುಕೊಂಡು ಮೂರು ಬೆರಳು ಒತ್ತಿ, "ಕಸ್ತೂರಿ ಹೇಳಿದ್ದೇ ಬೆಲೆ. ನಿಮ್ ಸಾವ್ಕಾರ್ರಿಗೆ ನಾನು ಹೇಳ್ದೆ ಅಂತ ಹೇಳ್ರಿ" ಎಂದರು. ಮದುವೆಯಾದಾಗಿನಿಂದ ಇವರು ಒಂದು ಬೆಲೆಗೆ ಗಟ್ಟಿಯಾಗಿ ನಿಂತದ್ದು ಇದೇ ಮೊದಲು, ಅದೂ ಕಡಿಮೆ ಬೆಲೆಗೆ. ಮೂವರೂ ನಕ್ಕೆವು. ಚಿತ್ತಪ್ಪನಿಗೆ ಹೋಳಿಗೆ ಮಾಡಿ ಬಡಿಸಿ ಕಳಿಸಿದೆ.

ಅವನ ಸಾಹುಕಾರರು ಯಾರೋ ನಾನು ಕೇಳಲಿಲ್ಲ. ಎಂದಾದರೂ ನಿಮಗೆ ಸಿಕ್ಕರೆ ಹೇಳಿ: ಮೂರು ಬೆರಳು ಮಾಲಿನ ಬೆಲೆ, ಅದನ್ನು ತಲೆ ಎತ್ತಿಕೊಂಡು ತೆಗೆದುಕೊಂಡಿದ್ದೇವೆ. ಉಳಿದೆರಡು ಬೆರಳು ಮಗಳ ಮೇಲಿನ ಪ್ರೀತಿ. ಅದನ್ನು ನಾವು ಕಂಬಳಿಯ ಜೊತೆ ಮೂಟೆ ಕಟ್ಟುವುದಿಲ್ಲ.

ದುರುಗಪ್ಪನ ಕಡೆಯವರಿಗೆಲ್ಲ ಕಾರಹುಣ್ಣಿಮೆಗೆ ಮುಂಚೆಯೇ ಹಣ ಸಂದಿತು. ಮುಂದಿನ ವರ್ಷದ ಮಾಲೂ ನಮಗೇ ಎಂದು ಅವನು ವೀಳ್ಯ ಕೊಟ್ಟು ಹೋಗಿದ್ದಾನೆ.

ಕಸ್ತೂರಮ್ಮ


ಚನ್ನಗಿರಿ
2-7-1938

ಚಿ. ಕಸ್ತೂರಿಗೆ,

ಚಿತ್ತಪ್ಪ ಎಂಬವನು ಯಾರೋ ನನಗೆ ಗೊತ್ತಿಲ್ಲ. ಅವನಿಗೆ ಬಾಯಿ ಬಿಗಿ ಇಲ್ಲ, ಅಷ್ಟು ಹೇಳಿ ಕಳಿಸಿದ್ದರೂ.

ಇಲ್ಲಿಂದ ಮುಂದಿನದು ನಿಮ್ಮವ್ವ ಹೇಳಿ ಬರೆಸುತ್ತಿರುವುದು. ನಾನು ಬರೆಯುವುದಿಲ್ಲ ಎಂದರೂ ಬಿಡುತ್ತಿಲ್ಲ.

ಕಸ್ತೂರಿ, ಮೊನ್ನೆ ತನಕ ನಮ್ಮ ಮನೇಲಿ ಕಾಲಿಡಾಕೆ ಜಾಗ ಇರ್ಲಿಲ್ಲ. ನಡುಮನೆ ತುಂಬ ಕಂಬ್ಳಿ. ಬೆಕ್ಕು ಅದ್ರ ಮ್ಯಾಲೇ ಮರಿ ಹಾಕಿತ್ತು. ಹೆಂಗೆ ಬಂತು ಈ ಕಂಬ್ಳಿ ಅಂತ ಕೇಳಿದ್ರೆ ನಿಮ್ಮಪ್ಪ ಅಡಿಕೆ ಮುಚ್ಚಾಕೆ ಅಂದ್ರು. ನಿನ್ ಕಾಗ್ದ ಓದಿದ ದಿನ ಒಬ್ರೇ ಹಿತ್ಲಾಗೆ ನಿಂತು ಕೈ ನೋಡ್ಕಂತಿದ್ರು. ನಾನು ಕಂಡೆ.

ನಿಮ್ಮವ್ವನ ಮಾತು ಮುಗಿಯಿತು. ಕೊನೆಯದನ್ನು ಬರೆಯಬೇಕಾಗಿರಲಿಲ್ಲ, ಎದುರಿಗೆ ಕೂತು ಅಕ್ಷರ ಎಣಿಸುತ್ತಿದ್ದಾಳೆ.

ಇರಲಿ. ಮಾಲು ಬಂದ ಮೇಲೆ ಮಾರಲೇಬೇಕು. ಯಾರೂ ಇದನ್ನು ದಾನ ಎನ್ನಬಾರದಲ್ಲ. ಗಾಡಿಗೆ ಹೇರಿಸಿ ನಾನೇ ನ್ಯಾಮತಿಯ ಸಂತೆಗೆ ಹೋದೆ. ಅಡಿಕೆ ಮಾರಿದವನಿಗೆ ಕಂಬಳಿ ಮಾರಲು ಬಂದೀತೇ ಎಂದು ದಾರಿಯುದ್ದಕ್ಕೂ ಅಳುಕು. ಸಂತೆ ಸೇರುವಷ್ಟರಲ್ಲಿ ಮಳೆ ಹಿಡಿಯಿತು. ಒಂದು ಕಂಬಳಿ ಬಿಚ್ಚಿ ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡು ಸಂತೆಯ ನಡುವೆ ನಿಂತೆ. ಮಿಕ್ಕವರೆಲ್ಲ ತೊಯ್ದು ತೊಪ್ಪೆ, ನಾನೊಬ್ಬನೇ ನೆನೆಯದವನು. ಬಾಯಿ ತೆರೆಯಲಿಲ್ಲ, ಕುಂದು ಹೇಳುವವರೂ ಇರಲಿಲ್ಲ. "ಇನ್ನೊಂದು ಐತೇನ್ರೀ?" ಎಂದು ಕೇಳುವವರೇ. ನಾನು ಹಾಕಿಕೊಂಡಿದ್ದನ್ನೂ ಒಬ್ಬ ಬಿಚ್ಚಿಸಿಕೊಂಡು ಹೋದ. ನೆನೆದುಕೊಂಡು ಊರಿಗೆ ಬಂದೆ, ಶೀತವಾಗಿದೆ, ಇಷ್ಟು ಖುಷಿಯಿಂದ ನಾನು ಎಂದೂ ಸೀನಿರಲಿಲ್ಲ.

ದುರುಗಪ್ಪನ ಕಂಬಳಿಯಲ್ಲಿ ನೀರು ಇಳಿಯುವುದಿಲ್ಲ ಎಂದು ಅವನಿಗೆ ಹೇಳು. ಹೊನ್ನಾಳಿ ಸಂತೆಗೂ ಬೇಕು. ಇನ್ನೊಂದು ಗಾಡಿ ಮಾಲು ಎಷ್ಟಕ್ಕೆ ಕೊಡುತ್ತೀರಿ, ಬರೆ.

ಮಂಡಿಯ ಲೆಕ್ಕ ಬರೆಯಲು ಬೇರೆಯವರನ್ನು ಇಟ್ಟುಕೊಂಡೆ. ಅಳಿಯಂದಿರಿಗೆ ತಿಳಿಸು.

ಮಹೇಶ್ವರಪ್ಪ


ಜಗಳೂರು
11-7-1938

ಚನ್ನಗಿರಿಯ ಮಂಡಿ ಸಾಹುಕಾರರಿಗೆ,

ಮಾಲು ಸಿದ್ಧವಿದೆ. ಬೆಲೆಯನ್ನು ಕಾಗದದಲ್ಲಿ ಕೇಳುವುದು ನಮ್ಮ ಅಂಗಡಿಯ ಪದ್ಧತಿಯಲ್ಲ. ಬೇಕಾದವರು ಬಂದು ಕಂಬಳಿಯ ಕೆಳಗೆ ಕೈ ಹಾಕಬೇಕು. ದಲ್ಲಾಳಿಯನ್ನು ಕಳಿಸಿದರೆ ಹೋಳಿಗೆ ಸಿಗುತ್ತದೆ, ಮಾಲು ಸಿಗುವುದಿಲ್ಲ.

ನಿಮ್ಮ ಅಳಿಯಂದಿರು ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಿದ್ದಾರೆ. ನೀವು ಬರುವ ದಿನ ತಂತಿ ಕಂಬಕ್ಕೆ ರಜೆ. ನನಗೆ ಅವರು ನಡುವೆ ಬೇಕಾಗಿಲ್ಲ. ಈ ಲೋಕದಲ್ಲಿ ನಾನು ಎದುರಿಗೇ ಕೈ ಹಿಡಿದು ವ್ಯಾಪಾರ ಮಾಡಬಹುದಾದ ಗಿರಾಕಿ ನೀವೊಬ್ಬರೇ.

ಕಸ್ತೂರಮ್ಮ


ಚನ್ನಗಿರಿ
14-8-1938

ಚಿ. ಕಸ್ತೂರಿಗೆ,

ಸುಖವಾಗಿ ಊರು ಸೇರಿದೆ. ನೀನು ಕಟ್ಟಿಕೊಟ್ಟ ರೊಟ್ಟಿ ಬುತ್ತಿಯನ್ನು ದಾವಣಗೆರೆಯಲ್ಲೇ ಮುಗಿಸಿದೆವು. ಗಾಡಿಯವನು ಎರಡು ಪಾಲು ತಿಂದ.

ಮನೆಗೆ ಬಂದ ಕೂಡಲೇ ನಿಮ್ಮವ್ವ ಕೇಳಿದಳು, "ಎಷ್ಟಕ್ಕೆ ಆತು ವ್ಯಾಪಾರ?" ನಾನು ಕಾಲು ತೊಳೆಯಲೆಂದು ಹಿತ್ತಲಿಗೆ ಹೋದೆ. ಏನೆಂದು ಹೇಳಲಿ?

ಅವತ್ತು ನಿನ್ನ ಅಂಗಡಿಯ ಮುಂದೆ ಎಷ್ಟು ಜನ ಸೇರಿದ್ದರು! ಅಪ್ಪ ಮಗಳ ವ್ಯಾಪಾರ ನೋಡಬೇಕೆಂದು ಅರ್ಧ ಸಂತೆ ಅಲ್ಲೇ ಇತ್ತು. ನೀನು ಕಂಬಳಿ ಹಾಸಿದೆ. ದಾರಿಯಲ್ಲಿ ನಾನು ಎಲ್ಲ ಲೆಕ್ಕ ಹಾಕಿಕೊಂಡು ಬಂದಿದ್ದೆ. ಎರಡು ಬೆರಳಿನಿಂದ ಶುರು ಮಾಡುವುದು, ಬಹಳ ಹಿಂಡಿದರೆ ಮೂರು. ಕೈ ಹಾಕಿದೆ. ಬೆರಳು ಒತ್ತಬೇಕು ಎಂದುಕೊಂಡವನು ನಿನ್ನ ಅಂಗೈ ಮುಟ್ಟಿ ಅಲ್ಲೇ ಉಳಿದುಬಿಟ್ಟೆ. ನಾನು ಎಣಿಕೆ ಕಲಿಸಿದ ಕೈ ನನ್ನ ಹೆಬ್ಬೆರಳು ಹಿಡಿದರೆ ತುಂಬಿ ಹೋಗುವಷ್ಟಿತ್ತು. ಈಗ ಮೂಟೆ ಬಿಗಿದೂ ಬಿಗಿದೂ ಗಂಟು ಗಂಟಾಗಿದೆ. ಒಳ್ಳೆಯ ಕೈ. ವ್ಯಾಪಾರಸ್ಥರ ಕೈ. ಎಂಥ ಗುಮಾಸ್ತರಿಗೂ ನಾನು ಈ ಮಾತು ಹೇಳಿಲ್ಲ.

ನೀನೂ ಒತ್ತಲಿಲ್ಲ. ನಾವಿಬ್ಬರೂ ಮುಖ ಬಿಗಿದುಕೊಂಡು ಕುಳಿತೇ ಇದ್ದೆವು. ಆ ದುರುಗಪ್ಪ ಜನರ ಕಡೆ ತಿರುಗಿ, "ಸುಮ್ಕಿರ್ರೋ, ಭಾರಿ ಬಿಗಿ ವ್ಯಾಪಾರ ನಡದೈತೆ, ಇಬ್ರೂ ಬಿಡಂಗಿಲ್ಲ" ಎಂದಾಗ ನನಗೆ ಮತ್ತೆ ಆ ಕೆಮ್ಮು ಬಂತು. ಸರಿ, ನಕ್ಕೆ. ಬರೆದುಕೋ, ನಕ್ಕೆ. ಕೊನೆಗೆ ನಾನು ಎರಡು ಸಲ ತಟ್ಟಿದೆ. ನೀನೂ ಎರಡು ಸಲ ತಟ್ಟಿದೆ. ವ್ಯಾಪಾರ ಮುಗಿಯಿತೆಂದು ಜನ ಹೋ ಎಂದರು. ಅಳಿಯಂದಿರು ಕೋಲು ಪಕ್ಕಕ್ಕಿಟ್ಟು ತಾವೇ ಮೂಟೆ ಎತ್ತಿಸಿದರು.

ಬೆಲೆಯನ್ನು ನಾನೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ಇಷ್ಟು ವರ್ಷ ಮಂಡಿ ನಡೆಸಿದ ನಾನು ಒಂದು ಗಾಡಿ ಮಾಲು ಹೇರಿಕೊಂಡು, ಎಷ್ಟಕ್ಕೆ ಎಂದು ತಿಳಿಯದೆ ಮನೆಗೆ ಬಂದಿದ್ದೇನೆ. ಇದು ಚಿತ್ತಪ್ಪನ ಕಿವಿಗೆ ಬೀಳಕೂಡದು.

ಬೆಲೆ ಬರೆದು ಕಳಿಸು. ನಾಲ್ಕು ಬೆರಳು ಎಂದು ಬರೆದರೆ ಜಗಳ ಮಾಡಲು ಬರುತ್ತೇನೆ. ಎರಡು ಎಂದು ಬರೆದರೂ ಜಗಳಕ್ಕೇ ಬರುತ್ತೇನೆ. ಮೂರು ಎಂದು ಬರೆದರೆ ಹಣ ಕೊಡಲು ನಾನೇ ಬರಬೇಕಾಗುತ್ತದೆ. ಈ ಸಲ ನಿಮ್ಮವ್ವನೂ ಬರುತ್ತಾಳಂತೆ, ಆಗಲೇ ಸೀರೆ ಮಡಿಸುತ್ತಿದ್ದಾಳೆ.

ನಿನ್ನ ಗಿರಾಕಿ
ಅಪ್ಪ